ಜ್ವಾಲಾಮುಖಿ: ಶಿರೋಳ ಸೀಮೆಯವರು ಮಾಡಬೇಕಾದ್ದು, ಮಾಡಬಾರದ್ದು

ಶಿರೋಳ ಹಾಗೂ ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳ ಎಲ್ಲ ಊರವರ ಗಮನಕ್ಕೆ.

ಮಳೆಗಾಲದಲ್ಲಿ ಮನೆಯ ನೆಲ ಕುಸಿದರೆ, ಕಸ ಸುರಿದ ಬಯಲಿನಲ್ಲಿ ಹೊಗೆ ಎದ್ದರೆ, ಟಿವಿಯಲ್ಲಿ ಎಲ್ಲಿಯದೋ ಬೆಟ್ಟ ಬೆಂಕಿ ಕಾರಿದರೆ ನಮ್ಮ ಓಣಿಗಳಲ್ಲಿ ಒಂದೇ ಮಾತು ಓಡಾಡುತ್ತದೆ: "ಜ್ವಾಲಾಮುಖಿ ಬಂತು." ಈ ಮಾತು ಸುಳ್ಳಾದಾಗ ಜನ ನಿಜವಾದ ಅಪಾಯವನ್ನು ಬಿಟ್ಟು ಇಲ್ಲದ ಅಪಾಯಕ್ಕೆ ಹೆದರುತ್ತಾರೆ. ನಿಜವೇ ಆದಾಗ, ಅಂದರೆ ನಮ್ಮ ಮಕ್ಕಳು ದುಡಿಯಲು, ಓದಲು, ಪ್ರವಾಸಕ್ಕೆ ಹೋದ ದೇಶಗಳಲ್ಲಿ, ಯಾವ ಬೆಟ್ಟ ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಿಲ್ಲದೆ ಜೀವ ಕಳೆದುಕೊಳ್ಳುವ ಸಂಭವವಿದೆ. ಜ್ವಾಲಾಮುಖಿ ಒಂದೇ ಬಗೆಯದಲ್ಲ. ಒಂದರ ಮುಂದೆ ನಡೆದುಕೊಂಡು ಪಾರಾಗಬಹುದು, ಇನ್ನೊಂದರ ಮುಂದೆ ಕಾರಿನಲ್ಲಿ ಓಡಿದರೂ ಪಾರಾಗಲು ಆಗದು. ಆದ್ದರಿಂದ ಈ ಸೂಚನೆಯ ಮೊದಲ ನಿಯಮ ಇದು: ಬಗೆ ತಿಳಿಯದೆ ಮಾತಾಡಬೇಡಿ, ಬಗೆ ತಿಳಿಯದೆ ಹೆಜ್ಜೆ ಇಡಬೇಡಿ.

1. ನೆಲ ಕುಸಿದಾಗ

ನರಗುಂದ ಪಟ್ಟಣದಲ್ಲಿ 2019ರಿಂದೀಚೆಗೆ ಮಳೆಗಾಲ ಬಂತೆಂದರೆ ಹಲವು ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿದೆ. ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ರಸ್ತೆಯ ನಡುವೆ ಆಳುದ್ದದ ಗುಂಡಿ ಬಿದ್ದಿವೆ. ಇದಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ್ದ ಹಗೇವುಗಳು ಊರ ತುಂಬ ಇದ್ದವು. ಮಲಪ್ರಭಾ ಕಾಲುವೆಯ ನೀರಾವರಿ ಬಂದ ಮೇಲೆ ಅಂತರ್ಜಲ ಮೇಲಕ್ಕೇರಿತು, ಹಗೇವುಗಳಲ್ಲಿ ಕಾಳು ಉಳಿಯದಾಯಿತು, ಜನ ಅವನ್ನು ಬಿಟ್ಟುಬಿಟ್ಟರು. ಹಲವನ್ನು ಸರಿಯಾಗಿ ತುಂಬದೆಯೇ ಮೇಲೆ ಮನೆ ಕಟ್ಟಿದರು. ನೀರು ಒಳಗಿಂದ ಮಣ್ಣನ್ನು ಸಡಿಲಿಸಿದಾಗ ಮೇಲಿನ ನೆಲ ಕುಸಿಯುತ್ತದೆ.

ಮಾಡಬೇಕಾದ್ದು:

- ಗೋಡೆಯಲ್ಲಿ ಹೊಸ ಬಿರುಕು, ನೆಲ ತಗ್ಗಾದದ್ದು, ಕಾಲಿಟ್ಟರೆ ಟೊಳ್ಳು ಸದ್ದು, ನೆಲದಿಂದ ನೀರು ಜಿನುಗುವುದು ಕಂಡರೆ ಆ ಕೋಣೆಯನ್ನು ಕೂಡಲೇ ಖಾಲಿ ಮಾಡಿ.
- ಗ್ರಾಮ ಪಂಚಾಯಿತಿಗೆ ಅಥವಾ ಪುರಸಭೆಗೆ, ತಹಶೀಲ್ದಾರ್ ಕಚೇರಿಗೆ ತಿಳಿಸಿ. ಯಾರಾದರೂ ಗುಂಡಿಗೆ ಬಿದ್ದಿದ್ದರೆ 112ಕ್ಕೆ ಕರೆ ಮಾಡಿ.
- ಮನೆ ಕಟ್ಟುವ ಮೊದಲು ಓಣಿಯ ಹಿರಿಯರನ್ನು ಕೇಳಿ: ಇಲ್ಲಿ ಹಗೇವು ಇತ್ತೇ? ಇದ್ದರೆ ಅದನ್ನು ಕಲ್ಲು, ಗರಸು ಹಾಕಿ ಧುಮ್ಮಸ್ಸು ಮಾಡಿಸಿ ತುಂಬಿಸಿದ ಮೇಲೆಯೇ ಬುನಾದಿ ಹಾಕಿ.

ಮಾಡಬಾರದ್ದು:

- ಕುಸಿದ ಗುಂಡಿಯ ಅಂಚಿಗೆ ನಿಂತು ಒಳಗೆ ಇಣುಕಬೇಡಿ, ವಿಡಿಯೊ ಮಾಡಬೇಡಿ. ಅಂಚೂ ಕುಸಿಯುತ್ತದೆ.
- ಹಗ್ಗ ಕಟ್ಟಿಕೊಂಡು ಒಳಗೆ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಕಾಳು, ಹೊಟ್ಟು ಕೊಳೆತು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಗಾಳಿಗಿಂತ ಭಾರ. ತಗ್ಗಿನಲ್ಲಿ ಕೂತುಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಗೇವು ತೆಗೆಯುವಾಗ ಮೊದಲು ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ನಂದಿದರೆ ಮನುಷ್ಯರನ್ನು ಇಳಿಸದೆ ಇರುತ್ತಿದ್ದದ್ದು ಇದೇ ಕಾರಣಕ್ಕೆ.

ಈ ಅನಿಲವನ್ನು ನೆನಪಿನಲ್ಲಿಡಿ. ನಿಜವಾದ ಜ್ವಾಲಾಮುಖಿಗಳ ನಾಡಿನಲ್ಲಿಯೂ ಈ ಅನಿಲ ಕೊಲ್ಲುತ್ತದೆ. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಹಳೆಯ ಜ್ವಾಲಾಮುಖಿ ಕುಂಡದಲ್ಲಿ ನೀರು ನಿಂತು ಆದ ನಿಯೋಸ್ ಎಂಬ ಸರೋವರವಿದೆ. 1986ರ ಆಗಸ್ಟ್ 21ರ ರಾತ್ರಿ ಅದರ ತಳದಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಹೊರಬಂದು ಕಣಿವೆಗಳಿಗೆ ಇಳಿಯಿತು. 1,700ಕ್ಕೂ ಹೆಚ್ಚು ಜನ, ಸಾವಿರಾರು ದನಕರು ಸತ್ತವು. ಬೆಂಕಿಯಿಲ್ಲ, ಲಾವಾ ಇಲ್ಲ. ತಗ್ಗಿನಲ್ಲಿ ಮಲಗಿದ್ದವರು ಏಳಲೇ ಇಲ್ಲ.

2. ನೆಲದಿಂದ ಹೊಗೆ ಬಂದಾಗ

2017ರ ಏಪ್ರಿಲ್‌ನಲ್ಲಿ ಮೈಸೂರಿನ ಹೊರವಲಯದ ಶ್ಯಾದನಹಳ್ಳಿಯ ಬಳಿ ಬಯಲಿನಲ್ಲಿ ಕಾಲಿಟ್ಟ ಹುಡುಗನೊಬ್ಬ ಕಾದ ನೆಲದಲ್ಲಿ ಸುಟ್ಟುಕೊಂಡು ಪ್ರಾಣ ಬಿಟ್ಟ. ಜ್ವಾಲಾಮುಖಿ ಎಂದು ಸುದ್ದಿ ಹಬ್ಬಿತು. ಪರಿಣತರು ಬಂದು ನೋಡಿದಾಗ ಜ್ವಾಲಾಮುಖಿಯ ಗುರುತೇ ಇರಲಿಲ್ಲ. ನೆಲದಲ್ಲಿ ಸುರಿದಿದ್ದ ಕೈಗಾರಿಕಾ ತ್ಯಾಜ್ಯ ಒಳಗೊಳಗೇ ಕಾದಿತ್ತು.

ಮಾಡಬೇಕಾದ್ದು:

- ಹೊಗೆಯಾಡುವ, ಬಿಸಿ ಹೊಮ್ಮುವ ನೆಲದಿಂದ ಮಕ್ಕಳನ್ನೂ ದನಗಳನ್ನೂ ದೂರ ಇಡಿ. ಸುತ್ತ ಹಗ್ಗ ಅಥವಾ ಮುಳ್ಳುಬೇಲಿ ಹಾಕಿ, ಪೊಲೀಸರಿಗೆ, ಅಗ್ನಿಶಾಮಕ ಠಾಣೆಗೆ ತಿಳಿಸಿ.
- ಹತ್ತಿರ ವಿದ್ಯುತ್ ಕಂಬ ಇದೆಯೇ ನೋಡಿ. ತಂತಿಯಿಂದ ಕರೆಂಟ್ ನೆಲಕ್ಕೆ ಇಳಿದರೆ ಮಣ್ಣು ಕರಗಿ ಗಾಜಿನಂತೆ ಗಟ್ಟಿಯಾಗುವುದುಂಟು. ಹಾಗಿದ್ದರೆ ಹೆಸ್ಕಾಂಗೆ ಮೊದಲು ಕರೆ ಮಾಡಿ.

ಮಾಡಬಾರದ್ದು:

- ಅಲ್ಲಿ ನೀರು ಸುರಿಯಬೇಡಿ. ಕರೆಂಟ್ ಇದ್ದರೆ ಜೀವ ಹೋಗುತ್ತದೆ, ರಾಸಾಯನಿಕ ಇದ್ದರೆ ಉರಿ ಹೆಚ್ಚಬಹುದು.
- ಊದುಬತ್ತಿ ಹಚ್ಚಿ, ಕಾಯಿ ಒಡೆದು ಜನ ಸೇರಿಸಬೇಡಿ. ಭಕ್ತಿಗೆ ಗುಡಿಯಿದೆ, ಮಠವಿದೆ. ಸುಡುವ ನೆಲ ಅದಕ್ಕೆ ಜಾಗವಲ್ಲ.

3. ನಮ್ಮ ಕಲ್ಲು, ನಮ್ಮ ಮಣ್ಣಿನ ಬಗ್ಗೆ

ನಮ್ಮ ಸೀಮೆಯಲ್ಲಿ ಇಂದು ಜೀವಂತ ಜ್ವಾಲಾಮುಖಿ ಇಲ್ಲ. ಇಡೀ ಕರ್ನಾಟಕದಲ್ಲಿಯೂ ಇಲ್ಲ. ಆದರೆ ಲಾವಾ ಹರಿದು ತಣಿದ ಕಲ್ಲು ನಮ್ಮ ನಾಡಿನಲ್ಲಿ ಸಮೃದ್ಧವಾಗಿದೆ. ಅದನ್ನು ತಿಳಿದೇ ಹೇಳಬೇಕು.

ಮಾಡಬೇಕಾದ್ದು:

- ಮಕ್ಕಳಿಗೆ ದಖ್ಖನ್ ಪೀಠಭೂಮಿಯ ಕಥೆ ಹೇಳಿ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ ಪದರ ಪದರವಾಗಿ ಹರಡಿತು. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದರ ದಕ್ಷಿಣದ ಅಂಚು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿದೆ. ಗೋಲಗುಮ್ಮಟ ಕಟ್ಟಿದ ಕರಿಗಲ್ಲು ಆ ಲಾವಾದ ಕಲ್ಲೇ.
- ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ಶಾಲಾ ಪ್ರವಾಸ ಇಡಿ. ಅಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬುಲಾವಾ ಇದೆ. ಕಡಲ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ ಒಂದರ ಮೇಲೊಂದು ದುಂಡುದುಂಡಗೆ ಕೂತದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಶಿಲಾಪಟ್ಟಿಯಲ್ಲಿಯೂ ಆ ಪ್ರಾಚೀನ ಕಾಲದ ಲಾವಾ ರೂಪಾಂತರಗೊಂಡು ನಿಂತಿದೆ.
- ಉಡುಪಿ ಕಡೆ ಹೋದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿ. ಲಾವಾ ತಣಿಯುವಾಗ ಕುಗ್ಗಿ ಆರು ಮೂಲೆಯ ಕಂಬಗಳಾಗಿ ಸೀಳಿದೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಕಲ್ಲು ಅದು.

ಮಾಡಬಾರದ್ದು:

- ಎರಿ ಮಣ್ಣೆಲ್ಲ ಲಾವಾದಿಂದಲೇ ಬಂದದ್ದು ಎಂದು ಹೇಳಬೇಡಿ. ಲಾವಾದ ಕಲ್ಲು ಸವೆದರೆ ಎರಿ ಆಗುವುದು ನಿಜ. ಆದರೆ ಸುಣ್ಣದ ಅಂಶವಿರುವ ಬೇರೆ ಕಲ್ಲುಗಳೂ ಕಡಿಮೆ ಮಳೆಯ ಸೀಮೆಯಲ್ಲಿ ಸವೆದು ಎರಿ ಕೊಡುತ್ತವೆ, ಹೊಳೆಗಳೂ ತಂದು ಹಾಕುತ್ತವೆ.
- ಬಯಲಲ್ಲಿ ಒಂಟಿ ಗುಡ್ಡ ಕಂಡರೆ ಅದು ಹಳೆಯ ಜ್ವಾಲಾಮುಖಿ ಎನ್ನಬೇಡಿ. ನಮ್ಮ ಬಯಲಸೀಮೆಯ ಒಂಟಿ ಗುಡ್ಡಗಳು ಸುತ್ತಲಿನ ಮೆದು ಕಲ್ಲು ಸವೆದು ಹೋಗಿ ಗಟ್ಟಿ ಕಲ್ಲು ಉಳಿದು ಆದವು. ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು, ಲಾವಾ ಅಲ್ಲ.
- ದುಂಡನೆಯ ಕೆರೆಯೆಲ್ಲ ಜ್ವಾಲಾಮುಖಿಯ ಬಾಯಿ ಎನ್ನಬೇಡಿ. ಮಹಾರಾಷ್ಟ್ರದ ಲೋಣಾರ್ ಸರೋವರ ಲಾವಾದ ಕಲ್ಲಿನ ಮೇಲೇ ಇದ್ದರೂ ಅದನ್ನು ತೋಡಿದ್ದು ಆಕಾಶದಿಂದ ಬಿದ್ದ ಉಲ್ಕೆ.
- ಮರಡಿಹಳ್ಳಿಯಲ್ಲಾಗಲಿ ಮಲ್ಪೆಯಲ್ಲಾಗಲಿ ಕಲ್ಲು ಒಡೆದು ಮನೆಗೆ ತರಬೇಡಿ, ಬಣ್ಣದಲ್ಲಿ ಹೆಸರು ಬರೆಯಬೇಡಿ.

4. ಬಗೆ ತಿಳಿಯಿರಿ

ನೆಲದಡಿಯ ಕರಗಿದ ಕಲ್ಲು, ಅಂದರೆ ಶಿಲಾಪಾಕ, ತೆಳುವೋ ಗಟ್ಟಿಯೋ, ಅದರಲ್ಲಿ ಅನಿಲ ಎಷ್ಟು, ಈ ಎರಡರ ಮೇಲೆ ಜ್ವಾಲಾಮುಖಿಯ ಬಗೆ ನಿಂತಿದೆ. ತೆಳು ಪಾಕದಿಂದ ಅನಿಲ ಸರಾಗವಾಗಿ ಹೊರಟುಹೋಗುತ್ತದೆ, ಲಾವಾ ಹರಿಯುತ್ತದೆ. ಗಟ್ಟಿ ಪಾಕದಲ್ಲಿ ಅನಿಲ ಸಿಕ್ಕಿಕೊಂಡು ಒತ್ತಡ ಬೆಳೆದು ಬೆಟ್ಟವೇ ಸಿಡಿಯುತ್ತದೆ.

*ಗುರಾಣಿ ಜ್ವಾಲಾಮುಖಿ.* ತೆಳು ಲಾವಾ ದೂರ ದೂರ ಹರಿದು ಆದ, ಅಗಲವಾದ ತಗ್ಗು ಇಳಿಜಾರಿನ ಬೆಟ್ಟ. ಹವಾಯಿಯ ಮೌನಾ ಲೋವಾ, ಕಿಲಾವಿಯಾ ಇಂಥವು. ಗಲಾಪಗೋಸ್ ದ್ವೀಪಗಳಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿಯೂ ಇವೆ. 2018ರಲ್ಲಿ ಕಿಲಾವಿಯಾದ ಲಾವಾ ಸುಮಾರು 700 ಮನೆಗಳನ್ನು ನುಂಗಿತು. ಸಾಮಾನ್ಯವಾಗಿ ಜನರಿಗೆ ಸರಿದುಕೊಳ್ಳಲು ಸಮಯ ಸಿಗುತ್ತದೆ.
ಮಾಡಿ: ಹೇಳಿದ ಕೂಡಲೇ ಮನೆ ಬಿಡಿ. ಲಾವಾವನ್ನು ನಿಲ್ಲಿಸಲು ಆಗದು, ಅದರಿಂದ ದೂರ ಹೋಗಬಹುದು.
ಮಾಡಬೇಡಿ: ಲಾವಾ ಕಡಲಿಗೆ ಬೀಳುವ ಜಾಗಕ್ಕೆ ಹೋಗಬೇಡಿ. ಅಲ್ಲಿ ಏಳುವ ಉಗಿಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲ ಇರುತ್ತದೆ, ಕಲ್ಲು ಸಿಡಿಯುತ್ತದೆ. 2018ರ ಜುಲೈನಲ್ಲಿ ಇದನ್ನು ನೋಡಲು ಹೋದ ದೋಣಿಯ ಚಾವಣಿಯನ್ನು ಸಿಡಿದ ಕಲ್ಲು ತೂತು ಮಾಡಿ 23 ಜನ ಗಾಯಗೊಂಡರು.

*ಪದರ ಜ್ವಾಲಾಮುಖಿ.* ಲಾವಾ ಮತ್ತು ಬೂದಿ ಪದರ ಪದರವಾಗಿ ಕೂತು ಎದ್ದ ಕಡಿದಾದ, ಚೂಪು ತುದಿಯ ಬೆಟ್ಟ. ಚಿತ್ರಪಟದಲ್ಲಿ ಅತಿ ಚೆಂದ ಕಾಣುವುದು ಇದು, ಅತಿ ಹೆಚ್ಚು ಜನರನ್ನು ಕೊಂದದ್ದೂ ಇದು. ಜಪಾನಿನ ಫುಜಿ, ಇಂಡೋನೇಷ್ಯಾದ ಮೆರಾಪಿ, ಇಟಲಿಯ ವೆಸೂವಿಯಸ್, ಅಮೆರಿಕದ ಸೇಂಟ್ ಹೆಲೆನ್ಸ್, ಫಿಲಿಪ್ಪೀನ್ಸ್‌ನ ಮಯೋನ್ ಮತ್ತು ಪಿನಾಟುಬೊ ಈ ಬಗೆಯವು. ಇವುಗಳ ಮುಖ್ಯ ಅಪಾಯ ಹರಿಯುವ ಲಾವಾ ಅಲ್ಲ. ಅನಿಲ, ಬೂದಿ, ಕಲ್ಲು ಬೆರೆತ ಉರಿಮೋಡ ಇಳಿಜಾರಿನಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧುಮುಕುತ್ತದೆ. 1902ರ ಮೇ 8ರಂದು ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಪೆಲೀ ಬೆಟ್ಟದ ಉರಿಮೋಡ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ನಿಮಿಷಗಳಲ್ಲಿ ಮುಗಿಸಿತು.
ಮಾಡಿ: ಸಿಡಿಯುವ ಮೊದಲೇ ಊರು ಬಿಡಿ. 1991ರ ಜೂನ್ 15ರಂದು ಪಿನಾಟುಬೊ ಸಿಡಿಯುವ ಮುಂಚೆ ವಿಜ್ಞಾನಿಗಳ ಮಾತು ಕೇಳಿ ಜನರನ್ನು ತೆರವು ಮಾಡಿದ್ದರಿಂದ ಸಾವಿರಾರು ಜೀವ ಉಳಿದವು.
ಮಾಡಬೇಡಿ: "ನಾನು ಹುಟ್ಟಿದ ಊರು, ಬೆಟ್ಟ ನನಗೇನೂ ಮಾಡದು" ಎಂದು ಹಟ ಹಿಡಿಯಬೇಡಿ. ಮೆರಾಪಿಯ ದೈವಿಕ ಕಾವಲುಗಾರ ಎಂದು ಹೆಸರಾದ ಮ್ಬಾ ಮರಿಜಾನ್ 2010ರ ಅಕ್ಟೋಬರ್ 26ರಂದು ಮನೆ ಬಿಡಲೊಲ್ಲದೆ ಉಳಿದು ಉರಿಮೋಡದಲ್ಲಿ ತೀರಿಕೊಂಡರು.
ಮಾಡಬೇಡಿ: ಬೆಟ್ಟದಿಂದ ದೂರ ಇದ್ದೇವೆ ಎಂದು ಹೊಳೆಯ ದಂಡೆಯಲ್ಲಿ ನಿಶ್ಚಿಂತೆಯಾಗಿ ಮಲಗಬೇಡಿ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಬೆಟ್ಟದ ಹಿಮ ಕರಗಿ, ಬೂದಿ ಬೆರೆತ ಕೆಸರಿನ ಮಹಾಪೂರ ಹೊಳೆಗುಂಟ ಇಳಿದು ಅರ್ಮೆರೊ ಪಟ್ಟಣವನ್ನು ಹೂತಿತು. 20,000ಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕಾಶೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಈ ಬಗೆಯಲ್ಲೊಂದು ಹೊರತನ್ನೂ ತಿಳಿದಿರಿ. ಕಾಂಗೋದ ನೀರಗೊಂಗೊ ಬೆಟ್ಟದ ಆಕಾರ ಪದರ ಜ್ವಾಲಾಮುಖಿಯದು, ಲಾವಾ ಮಾತ್ರ ಅತಿ ತೆಳು. ಅದು ಓಡುವವರನ್ನೂ ಹಿಂದಿಕ್ಕಬಲ್ಲದು. 2002ರಲ್ಲಿ ಗೋಮಾ ನಗರದ ನಡುವೆಯೇ ಹರಿದು ಹೋಯಿತು. ಆಕಾರ ನೋಡಿದರೆ ಸಾಲದು, ಸ್ಥಳೀಯ ವಿಜ್ಞಾನಿಗಳು ಹೇಳುವುದನ್ನು ಕೇಳಬೇಕು.

*ಕಿಟ್ಟದ ಶಂಕು.* ಗಾಳಿಯಲ್ಲಿ ಚಿಮ್ಮಿದ ಲಾವಾದ ತುಣುಕು ಕಿಟ್ಟವಾಗಿ ಬಾಯಿಯ ಸುತ್ತ ಬಿದ್ದು ಗುಪ್ಪೆಯಾದ ಸಣ್ಣ ಬೆಟ್ಟ. ಗೋವಿನಜೋಳ ಬೆಳೆಯುವ ನಮ್ಮ ರೈತರು ಇದರ ಕಥೆ ತಿಳಿಯಲೇಬೇಕು. 1943ರ ಫೆಬ್ರುವರಿ 20ರಂದು ಮೆಕ್ಸಿಕೊದ ಮಿಚೋವಾಕಾನ್ ರಾಜ್ಯದಲ್ಲಿ ಡಿಯೊನಿಸಿಯೊ ಪುಲಿಡೊ ಎಂಬ ರೈತ ತನ್ನ ಗೋವಿನಜೋಳದ ಹೊಲವನ್ನು ಬಿತ್ತನೆಗೆ ಹದ ಮಾಡುತ್ತಿದ್ದ. ಹೊಲದಲ್ಲಿ ಬಿರುಕು ಬಿಟ್ಟಿತು, ನೆಲ ಉಬ್ಬಿತು, ಬುಸ್ಸೆಂದು ಹೊಗೆ ಎದ್ದಿತು, ಗಂಧಕದ ವಾಸನೆ ಬಂತು. ಮರುದಿನ ಬೆಳಗಾಗುವಷ್ಟರಲ್ಲಿ ಅಲ್ಲೊಂದು ಗುಡ್ಡ ನಿಂತಿತ್ತು. ಅದೇ ಪರಿಕುಟಿನ್. 1952ರವರೆಗೆ ಉರಿದು 424 ಮೀಟರ್ ಎತ್ತರಕ್ಕೆ ಬೆಳೆಯಿತು, ಎರಡು ಊರುಗಳನ್ನು ಮುಚ್ಚಿಹಾಕಿತು. ಒಂದು ಚರ್ಚಿನ ಗೋಪುರ ಲಾವಾದ ನಡುವೆ ಇಂದಿಗೂ ಎದ್ದು ನಿಂತಿದೆ. ಜನ ಊರು ಬಿಟ್ಟದ್ದರಿಂದ ಲಾವಾಕ್ಕೆ ಯಾರೂ ಬಲಿಯಾಗಲಿಲ್ಲ. ಬೂದಿಮೋಡದ ಸಿಡಿಲಿಗೆ ಮೂವರು ಸತ್ತರು.
ಮಾಡಬೇಡಿ: "ಅಲ್ಲಿಯ ಹೊಲದಾಗ ಎದ್ದಿದ್ದು ನಮ್ಮ ಹೊಲದಾಗೂ ಏಳತೈತಿ" ಎಂದು ಹೆದರಬೇಡಿ, ಹೆದರಿಸಬೇಡಿ. ಆ ಸೀಮೆಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಂಕುಗಳಿವೆ, ಕಡಲ ತಳದ ಫಲಕವೊಂದು (ಭೂಮಿಯ ಹೊರಪದರದ ಸರಿಯುವ ಭಾರಿ ತುಂಡು) ಅದರಡಿ ನುಗ್ಗುತ್ತಿದೆ, ಗುಡ್ಡ ಏಳುವ ಮೊದಲು ವಾರಗಟ್ಟಲೆ ನೆಲ ನಡುಗಿತ್ತು. ನಮ್ಮಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಎರಿ ಹೊಲ ಬೇಸಿಗೆಯಲ್ಲಿ ಬಿರಿಯುವುದು ಮಣ್ಣು ಒಣಗಿ ಕುಗ್ಗುವುದರಿಂದ.

*ಬಿರುಕು ಜ್ವಾಲಾಮುಖಿ.* ಬೆಟ್ಟವೇ ಇಲ್ಲ, ನೆಲ ಉದ್ದಕ್ಕೆ ಸೀಳಿ ಲಾವಾ ಉಕ್ಕುತ್ತದೆ. ದಖ್ಖನ್ ಆದದ್ದು ಹೀಗೆ, ಈಚಿನ ವರ್ಷಗಳಲ್ಲಿ ಐಸ್‌ಲ್ಯಾಂಡಿನಲ್ಲಿ ನಡೆಯುತ್ತಿರುವುದೂ ಹೀಗೆ. 2023ರ ನವೆಂಬರ್ 10ರಂದು ಅಲ್ಲಿಯ ಗ್ರಿಂಡಾವಿಕ್ ಪಟ್ಟಣವನ್ನು ಪೂರ್ತಿ ಖಾಲಿ ಮಾಡಿಸಿದರು. ಪಟ್ಟಣದ ಹತ್ತಿರ ಲಾವಾ ಉಕ್ಕಿದ್ದು ಡಿಸೆಂಬರ್ 18ಕ್ಕೆ. 1783ರಲ್ಲಿ ಅದೇ ದೇಶದಲ್ಲಿ ಲಾಕಿ ಬಿರುಕು ಎಂಟು ತಿಂಗಳು ಉರಿಯಿತು. ಅದರ ಫ್ಲೋರಿನ್ ಹುಲ್ಲಿಗೆ ಅಂಟಿ ಕುರಿ, ದನ, ಕುದುರೆ ಸತ್ತವು, ಬರಗಾಲದಲ್ಲಿ ದೇಶದ ಸುಮಾರು ಐದರಲ್ಲೊಂದು ಪಾಲು ಜನ ತೀರಿಕೊಂಡರು.
ಮಾಡಬೇಡಿ: ಬೂದಿ ಬಿದ್ದ ಹುಲ್ಲಿಗೆ ದನ ಬಿಡಬೇಡಿ. ಹೊರದೇಶದ ಕೃಷಿ ತೋಟಗಳಲ್ಲಿ, ಡೈರಿಗಳಲ್ಲಿ ದುಡಿಯುವ ನಮ್ಮ ಹುಡುಗರು ಇದನ್ನು ಮರೆಯಬಾರದು.

*ಕ್ಯಾಲ್ಡೆರಾ.* ಶಿಲಾಪಾಕದ ಕೋಶ ಬರಿದಾಗಿ ಮೇಲಿನ ಬೆಟ್ಟ ಕುಸಿದು ಆದ ಭಾರಿ ಕುಂಡ. ಅಮೆರಿಕದ ಯೆಲ್ಲೋಸ್ಟೋನ್, ಇಟಲಿಯ ಕಾಂಪಿ ಫ್ಲೆಗ್ರೆಯಿ, ಸುಮಾತ್ರಾದ ತೋಬಾ ಇಂಥವು. ತೋಬಾ ಸುಮಾರು 74,000 ವರ್ಷದ ಹಿಂದೆ ಸಿಡಿದಾಗ ಬೂದಿ ಭಾರತದ ಮೇಲೂ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಬೂದಿಯ ದಪ್ಪ ಪದರ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಲ್ಲಿ ಅಗೆದು ಬೂದಿಯ ಕೆಳಗೂ ಮೇಲೂ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಕಂಡರು. 2007ರಲ್ಲಿ ಅದು ಲೋಕಕ್ಕೆ ತಿಳಿಯಿತು.
ಮಾಡಬೇಡಿ: "ಯೆಲ್ಲೋಸ್ಟೋನ್ ಮುಂದಿನ ತಿಂಗಳು ಸಿಡಿದು ಪ್ರಪಂಚ ಮುಳುಗುತ್ತದೆ" ಎಂಬಂಥ ವಾಟ್ಸ್ಆ್ಯಪ್ ಸಂದೇಶ ಕಳಿಸಬೇಡಿ. ಅದರ ಕೊನೆಯ ಮಹಾಸ್ಫೋಟ ಆದದ್ದು 6 ಲಕ್ಷ ವರ್ಷಕ್ಕೂ ಹಿಂದೆ. ಅಂಥದ್ದಕ್ಕೆ ತಿಂಗಳು, ತಾರೀಖು ಹೇಳುವವರು ಸುಳ್ಳು ಹೇಳುತ್ತಿದ್ದಾರೆ.

*ಕಡಲೊಳಗಿನ ಜ್ವಾಲಾಮುಖಿ.* ಭೂಮಿಯ ಹೆಚ್ಚಿನ ಲಾವಾ ಉಕ್ಕುವುದು ಸಾಗರತಳದಲ್ಲಿಯೇ. 2022ರ ಜನವರಿ 15ರಂದು ತೋಂಗಾ ಬಳಿ ಸಿಡಿದದ್ದು ಪೆಸಿಫಿಕ್ ಉದ್ದಗಲ ಸುನಾಮಿ ಎಬ್ಬಿಸಿತು. 2018ರ ಡಿಸೆಂಬರ್ 22ರಂದು ಇಂಡೋನೇಷ್ಯಾದ ಅನಾಕ್ ಕ್ರಕಟೌ ದ್ವೀಪದ ಒಂದು ಮಗ್ಗುಲು ಕುಸಿದು ಎದ್ದ ಅಲೆಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಜನರನ್ನು ಎಚ್ಚರಿಸುವಂಥ ಭೂಕಂಪ ಅದಕ್ಕೆ ಮೊದಲು ಆಗಿರಲಿಲ್ಲ.
ಮಾಡಿ: ಜ್ವಾಲಾಮುಖಿ ಇರುವ ಕರಾವಳಿಯಲ್ಲಿ ಕಡಲು ಒಮ್ಮೆಲೇ ಹಿಂದೆ ಸರಿದರೆ, ದೊಡ್ಡ ಮೊರೆತ ಕೇಳಿದರೆ, ಸೈರನ್ನಿಗೆ ಕಾಯದೆ ಎತ್ತರಕ್ಕೆ ಓಡಿ.

*ಕೆಸರು ಜ್ವಾಲಾಮುಖಿ.* ಅಂಡಮಾನಿನ ಬಾರಾತಾಂಗ್ ದ್ವೀಪದಲ್ಲಿ ನೆಲದಿಂದ ಅನಿಲದ ಜೊತೆ ಕೆಸರು ಬುಳುಬುಳು ಉಕ್ಕುತ್ತದೆ. ಇದರಲ್ಲಿ ಶಿಲಾಪಾಕ ಇಲ್ಲ. ಬೇಲಿ ದಾಟಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ.

5. ಎಲ್ಲಿವೆ, ಏಕೆ ಅಲ್ಲಿಯೇ ಇವೆ

ಶಿಕ್ಷಕರು ನಕಾಶೆಯ ಮೇಲೆ ಮೂರು ಗುರುತು ಹಾಕಿಸಲೇಬೇಕು.

- ಒಂದು ಫಲಕ ಇನ್ನೊಂದರಡಿ ನುಗ್ಗುವ ಅಂಚುಗಳು. ಪೆಸಿಫಿಕ್ ಸಾಗರದ ಸುತ್ತಲಿನ ಸುಮಾರು 40,000 ಕಿಲೋಮೀಟರ್ ಉದ್ದದ ಅಗ್ನಿವಲಯ ಇದೇ. ಚಿಲಿಯಿಂದ ಅಲಾಸ್ಕಾ, ಜಪಾನ್, ಫಿಲಿಪ್ಪೀನ್ಸ್, ನ್ಯೂಜಿಲೆಂಡ್‌ವರೆಗೆ ಪದರ ಜ್ವಾಲಾಮುಖಿಗಳ ಸಾಲು. ಇಂಡೋನೇಷ್ಯಾದ ಸುಮಾತ್ರಾ, ಜಾವಾ ಸಾಲು ಉತ್ತರಕ್ಕೆ ಅಂಡಮಾನ್‌ವರೆಗೆ ಬರುತ್ತದೆ.
- ಫಲಕಗಳು ಬೇರೆಯಾಗುವ ಅಂಚುಗಳು. ಸಾಗರಮಧ್ಯದ ಏಣು, ಐಸ್‌ಲ್ಯಾಂಡ್, ಪೂರ್ವ ಆಫ್ರಿಕದ ಬಿರುಕು ಕಣಿವೆ.
- ಫಲಕದ ನಡುವೆಯೇ ಆಳದಿಂದ ಬಿಸಿ ಏಳುವ ತಾಣಗಳು. ಹವಾಯಿ, ರಿಯೂನಿಯನ್. ಹಲವು ವಿಜ್ಞಾನಿಗಳ ಪ್ರಕಾರ ದಖ್ಖನ್ನಿನ ಲಾವಾ ಉಕ್ಕಿದ್ದು ಭಾರತ ಈ ರಿಯೂನಿಯನ್ ತಾಣದ ಮೇಲೆ ಹಾದುಹೋದಾಗ. ಭಾರತ ಬಡಗಣಕ್ಕೆ ಸರಿದುಹೋಯಿತು, ಬಿಸಿ ತಾಣ ಅಲ್ಲಿಯೇ ಉಳಿಯಿತು. ನಮ್ಮಲ್ಲಿ ಲಾವಾದ ಕಲ್ಲಿದ್ದೂ ಜ್ವಾಲಾಮುಖಿ ಇಲ್ಲದಿರುವುದಕ್ಕೆ ಕಾರಣ ಇದು.

ಭಾರತದಲ್ಲಿ ಜಾಗೃತ ಜ್ವಾಲಾಮುಖಿ ಒಂದೇ: ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. 1991ರಲ್ಲಿ ದೀರ್ಘ ನಿದ್ದೆಯಿಂದ ಎದ್ದು ಆಗಾಗ ಉರಿಯುತ್ತಲೇ ಇದೆ. ಅಲ್ಲಿ ಜನವಸತಿ ಇಲ್ಲ. ದೋಣಿಯವರಿಗೆ ಹಣ ಕೊಟ್ಟು ದಡಕ್ಕೆ ಇಳಿಸಿರೆಂದು ಕೇಳಬೇಡಿ. ಅಲ್ಲಿಗೆ ಇಳಿಯಲು ಅಪ್ಪಣೆ ಇಲ್ಲ.

6. ಹೊರದೇಶಕ್ಕೆ ಹೋಗುವವರಿಗೆ

ಬಾಲಿ, ಜಪಾನ್, ನ್ಯೂಜಿಲೆಂಡ್, ಇಟಲಿಗೆ ಈಗ ನಮ್ಮ ಊರುಗಳಿಂದಲೂ ಜನ ಹೋಗುತ್ತಾರೆ. ಹೆತ್ತವರೇ, ನಿಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಿ.

ಮಾಡಬೇಕಾದ್ದು:

- ಆ ದೇಶದ ಎಚ್ಚರಿಕೆಯ ಹಂತ ತಿಳಿದುಕೊಳ್ಳಿ. ಇಂಡೋನೇಷ್ಯಾದಲ್ಲಿ ನಾಲ್ಕು ಹಂತ, ಜಪಾನಿನಲ್ಲಿ ಐದು. ದಿನವೂ ಬೆಳಗ್ಗೆ ನೋಡಿ.
- ಅಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ಔಷಧಿ, ನೀರು, ಎನ್95 ಮಾಸ್ಕ್, ಟಾರ್ಚ್ ಒಂದೇ ಚೀಲದಲ್ಲಿ ಸಿದ್ಧ ಇಡಿ.
- ಬೂದಿ ಬೀಳುವಾಗ ಬಾಗಿಲು, ಕಿಟಕಿ ಮುಚ್ಚಿ, ಕುಡಿಯುವ ನೀರು ಮುಚ್ಚಿಡಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿ. ಚಾವಣಿಯ ಬೂದಿಯನ್ನು ಮಳೆ ಬರುವ ಮೊದಲೇ, ಅಲ್ಲಿಯ ಅಧಿಕಾರಿಗಳು ಸುರಕ್ಷಿತ ಎಂದಾಗ ತೆಗೆಸಿ. ಪಿನಾಟುಬೊದಲ್ಲಿ ಬೂದಿಯ ಮೇಲೆ ಚಂಡಮಾರುತದ ಮಳೆ ಬಿದ್ದು, ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು ಬಹಳ ಜನ ಸತ್ತರು.

ಮಾಡಬಾರದ್ದು:

- ಕಡಿಮೆ ಹಂತದ ಎಚ್ಚರಿಕೆ ಇದೆ ಎಂದು ಕುಂಡದ ಅಂಚಿಗೆ ಹೋಗಬೇಡಿ. 2014ರ ಸೆಪ್ಟೆಂಬರ್ 27ರಂದು ಜಪಾನಿನ ಒಂಟಾಕೆ ಬೆಟ್ಟ ಅತಿ ಕೆಳಗಿನ ಹಂತದಲ್ಲಿರುವಾಗಲೇ ಉಗಿಯ ಒತ್ತಡಕ್ಕೆ ಸಿಡಿಯಿತು. ಕಾಣೆಯಾದವರೂ ಸೇರಿ 63 ಚಾರಣಿಗರು ಪ್ರಾಣ ಕಳೆದುಕೊಂಡರು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿದ್ದ 47 ಜನರಲ್ಲಿ 22 ಮಂದಿ ಸತ್ತರು.
- ಗೈಡ್ ಕರೆದೊಯ್ಯುತ್ತೇನೆ ಎಂದರೂ ಮುಚ್ಚಿದ ದಾರಿಯಲ್ಲಿ ಹೋಗಬೇಡಿ.
- ಕುಂಡದ ತಗ್ಗಿಗೆ, ಗುಹೆಗೆ ಇಳಿಯಬೇಡಿ. ಹಗೇವಿನ ಅನಿಲವೇ ಅಲ್ಲೂ ಇರುತ್ತದೆ.

7. ಬೂದಿಮೋಡ ಮತ್ತು ವಿಮಾನ

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಅದರ ಬೂದಿಮೋಡ ಮರುದಿನ ಉತ್ತರ ಭಾರತದ ಮೇಲಿತ್ತು, ವಿಮಾನಗಳು ರದ್ದಾದವು. ಬೂದಿ ಎಂದರೆ ಕಲ್ಲು ಮತ್ತು ಗಾಜಿನ ಪುಡಿ. ಎಂಜಿನ್ನಿನ ಕಾವಿಗೆ ಕರಗಿ ಒಳಗೆ ಅಂಟಿಕೊಳ್ಳುತ್ತದೆ. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಬೂದಿಯಲ್ಲಿ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು. ಮೋಡದಿಂದ ಹೊರಬಂದ ಮೇಲೆ ಎಂಜಿನ್ ಮತ್ತೆ ಚಾಲೂ ಆಗಿ ಜಕಾರ್ತದಲ್ಲಿ ಇಳಿಯಿತು. ವಿಮಾನ ರದ್ದಾದರೆ ಸಿಬ್ಬಂದಿಯ ಮೇಲೆ ರೇಗಬೇಡಿ. ಅವರು ನಿಮ್ಮ ಜೀವ ಉಳಿಸುತ್ತಿದ್ದಾರೆ. ಎತ್ತರದಲ್ಲಿ ಹಾದುಹೋಗುವ ಮೋಡಕ್ಕೆ ಹೆದರಿ ಊರಲ್ಲಿ ಬೆಳೆಗೆ ಔಷಧಿ ಹೊಡೆಯಬೇಡಿ.

8. ಶಾಲೆಗಳಿಗೆ

- ಅಮೋನಿಯಂ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳಿಗೆ ಬೆಂಕಿ ಹಚ್ಚಿ ಜ್ವಾಲಾಮುಖಿ ತೋರಿಸಬೇಡಿ. ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಪ್ರಯೋಗಾಲಯದಲ್ಲಿ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ.
- ಮಣ್ಣಿನ ಗುಡ್ಡ ಮಾಡಿ ಅಡುಗೆ ಸೋಡಾ, ಲಿಂಬೆಹಣ್ಣಿನ ರಸ ಬಳಸಿ. ಅನಿಲ ಹೇಗೆ ತಳ್ಳುತ್ತದೆ ಎಂಬುದನ್ನು ಅದು ತೋರಿಸುತ್ತದೆ.
- ಬಗೆಗಳನ್ನು ತೋರಿಸಲು ಆರಿದ ಬೆಲ್ಲದ ಪಾಕ ಸಾಕು. ತೆಳು ಪಾಕವನ್ನು ತಟ್ಟೆಗೆ ಸುರಿಯಿರಿ, ಅಗಲವಾಗಿ ಹರಡುತ್ತದೆ: ಗುರಾಣಿ. ಗಟ್ಟಿ ಪಾಕ ಸುರಿಯಿರಿ, ಇದ್ದಲ್ಲಿಯೇ ಗುಪ್ಪೆಯಾಗಿ ನಿಲ್ಲುತ್ತದೆ: ಗಟ್ಟಿ ಲಾವಾ ದೂರ ಹರಿಯದೆ ಬಾಯಿಯ ಮೇಲೇ ಕಟ್ಟುವ ಲಾವಾ ಗುಮ್ಮಟ.
- ಪರೀಕ್ಷೆಗೆ ಜಾಗೃತ, ಸುಪ್ತ, ಲುಪ್ತ ಎಂದು ಬರೆಸಿದರೆ ಮುಗಿಯಲಿಲ್ಲ. "ಇದು ಯಾವ ಬಗೆ? ಹೇಗೆ ಕೊಲ್ಲುತ್ತದೆ? ನೀನಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಿ.

9. ಸುದ್ದಿ ಹಂಚುವ ಮೊದಲು

ನೆಲ ಕುಸಿದ, ಹೊಗೆ ಎದ್ದ ವಿಡಿಯೊ ಬಂದರೆ ಮೂರು ಪ್ರಶ್ನೆ ಕೇಳಿ: ಇದು ಯಾವ ಊರು? ಯಾವ ದಿನ? ಹೋಗಿ ನೋಡಿದ ಅಧಿಕಾರಿ ಅಥವಾ ಭೂವಿಜ್ಞಾನಿ ಏನು ಹೇಳಿದರು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಣ್ಣಾರೆ ಕಂಡದ್ದಿದ್ದರೆ ಕಂಡಷ್ಟನ್ನೇ ಬರೆಯಿರಿ: "ಇಂಥ ಓಣಿಯಲ್ಲಿ ನೆಲ ಕುಸಿದಿದೆ, ಆ ಕಡೆ ಬರಬೇಡಿ." ಒಂದು ಜೀವ ಉಳಿಸಲು ಅಷ್ಟು ಸಾಕು. "ಜ್ವಾಲಾಮುಖಿ" ಎಂದು ಸೇರಿಸಿದರೆ ನೋಡಲು ನೂರು ಜನ ಓಡಿ ಬಂದು ಅದೇ ಗುಂಡಿಯ ಅಂಚಿಗೆ ನಿಲ್ಲುತ್ತಾರೆ.

ಈ ಸೂಚನೆಯನ್ನು ಪಂಚಾಯಿತಿ, ಗ್ರಂಥಾಲಯ, ಶಾಲೆ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ. ಹಗೇವು ಎಲ್ಲೆಲ್ಲಿ ಇದ್ದವೆಂಬುದನ್ನು ಅವರಿಂದ ಕೇಳಿ ಬರೆದುಕೊಂಡು, ಆ ಪಟ್ಟಿಯನ್ನು ಈ ಮಳೆಗಾಲದ ಮೊದಲೇ ಪಂಚಾಯಿತಿಗೆ ಕೊಡಿ.